ಎಲ್-ವನ್ ಶೇಟರಿಗೊಂದು ಬಹಿರಂಗ ಪತ್ರ

ಮಾನ್ಯ ಎಲ್-ವನ್ ಶೇಟರೇ,

ಎಲ್ಲರಿಗಿಂತ ಕಡಿಮೆ ದರ ಬರೆದು ಎಲ್-ವನ್ ಆದದ್ದಕ್ಕೆ ಮೊದಲು ಅಭಿನಂದನೆ. ಮುಂಬೈಯ ವಾರ್ಡೊಂದರ ಗಲ್ಲಿಯ ಗಟಾರ ಕಟ್ಟಿ ಮೇಲೆ ಪೇವರ್ ಬ್ಲಾಕ್ ಕೂರಿಸುವ ಕೆಲಸಕ್ಕೆ ಪಾಲಿಕೆಯ ಅಂದಾಜು ಒಂದು ಕೋಟಿ ಎಂದಿಟ್ಟುಕೊಳ್ಳೋಣ, ಲೆಕ್ಕಕ್ಕೆ ಸುಲಭ. ನೀವು ಬರೆದದ್ದು ಶೇ 27 ಬಿಲೋ, ಅಂದರೆ 73 ಲಕ್ಷ. ನಾವು ಶೇ 9 ಬಿಲೋ ಬರೆದು 91 ಲಕ್ಷಕ್ಕೆ ನಿಂತೆವು. ದರವಿರುವ ಪ್ಯಾಕೆಟ್ ಸಿ ತೆರೆದ ದಿನ ಪರದೆಯಲ್ಲಿ ನಿಮ್ಮ ಹೆಸರು ಮೇಲೆ ಬಂತು, ನಮ್ಮದು ಕೆಳಗೆ. ಓಟದ ಸ್ಪರ್ಧೆಯಲ್ಲಾದರೆ ಎರಡನೆಯವನಿಗೆ ಬೆಳ್ಳಿ ಪದಕ ಉಂಟು. ಟೆಂಡರಿನಲ್ಲಿ ಕಟ್ಟಿದ ಇಎಂಡಿ ಠೇವಣಿ ವಾಪಸು ಬಂದರೆ ಅದೇ ಪದಕ, ಅದೂ ಬಂದಾಗ.

ನನ್ನ ಪರಿಚಯ ನಿಮಗಿರಲಾರದು. ನಾನು ಗುತ್ತಿಗೆದಾರನಲ್ಲ, ಗುತ್ತಿಗೆದಾರರ ಕಾಗದ ತುಂಬುವವನು. ಮನೆ ಡೊಂಬಿವಿಲಿ. ಘಾಟ್‌ಕೋಪರಿನಿಂದ ಬದ್ಲಾಪುರದವರೆಗೆ ಎಲ್ಲಿ ಸಣ್ಣ ಟೆಂಡರ್ ಬಿದ್ದರೂ ಡಿಜಿಟಲ್ ಸಹಿಯ ಡಾಂಗಲ್ ಹಿಡಿದು ಹೋಗುತ್ತೇನೆ. ಊರಿನ ನೆಂಟರಿಗೆ ಮುಂಬೈ ಪಾಲಿಕೆ ಎಂದರೆ ಕುಬೇರನ ಭಂಡಾರ. ಸುಳ್ಳೇನಲ್ಲ, 2025-26ರ ಬಜೆಟ್ಟೇ 74,427 ಕೋಟಿ. ವಾರ್ಡುಗಳೂ ಸಣ್ಣವಲ್ಲ: 2011ರ ಜನಗಣತಿಯಲ್ಲಿ ಗೋವಂಡಿ, ಮಾನ್‌ಖುರ್ದ್ ಕಡೆಯ ಎಂ-ಈಸ್ಟ್ ವಾರ್ಡೊಂದರಲ್ಲೇ ಎಂಟು ಲಕ್ಷ ಜನ, ಆಗ ಮಂಗಳೂರು ಪಾಲಿಕೆ ಐದು ಲಕ್ಷ ಮುಟ್ಟಿರಲಿಲ್ಲ. ಆದರೆ ಗಲ್ಲಿಯ ಗಟಾರದ ಮಟ್ಟಕ್ಕೆ ಇಳಿದಾಗ ಈ ಮಹಾನಗರಪಾಲಿಕೆಯೂ ಯಾವುದೋ ತಾಲೂಕಿನ ಪುರಸಭೆಯೇ. ಅದೇ ಜೂನಿಯರ್ ಇಂಜಿನಿಯರ್, ಅಳತೆ ಬರೆಯುವ ಅದೇ ಎಂ.ಬಿ. ಪುಸ್ತಕ, ಅದೇ ಕಟಿಂಗ್ ಚಹಾ, 'ಸಾಹೇಬರು ಸೈಟಿಗೆ ಹೋಗಿದ್ದಾರೆ' ಎಂಬ ಅದೇ ಉತ್ತರ.

ಸೋತ ಹೊಟ್ಟೆಯುರಿಗೆ ಬರೆಯುತ್ತಿದ್ದೇನೆ ಎಂದುಕೊಳ್ಳಬೇಡಿ. ನನಗೆ ಬೇಕಾದದ್ದು ಒಂದು ಲೆಕ್ಕ. ನಮ್ಮ ಮಾಲೀಕರೂ ನಾನೂ ಕೂತು ಸಿಮೆಂಟು, ರೇತಿ, ಖಡಿ, ಬ್ಲಾಕು, ಡಂಪರ್ ಬಾಡಿಗೆ, ಕೂಲಿ ಎಲ್ಲವನ್ನೂ ಹಿಂಡಿ 91ಕ್ಕೆ ತಂದದ್ದು. ಅದಕ್ಕಿಂತ ಕೆಳಗೆ ಇಳಿದರೆ ಗಟಾರದ ಒಂದು ಗೋಡೆಯನ್ನೇ ಕೈಬಿಡಬೇಕಿತ್ತು. ದರಪಟ್ಟಿಯಲ್ಲಿ ಗುತ್ತಿಗೆದಾರನ ಲಾಭ ಸೇರಿಯೇ ಇರುತ್ತದೆ, ಒಪ್ಪಿದೆ. ಅದನ್ನು ಪೂರ್ತಿ ದೇವರ ಹುಂಡಿಗೆ ಹಾಕಿದರೂ 73ಕ್ಕೆ ಇಳಿಯುವ ದಾರಿ ನಮಗೆ ಕಾಣಲಿಲ್ಲ. ನಿಮಗೆ ಕಂಡಿದೆ. ಆ ದಾರಿ ಯಾವುದು?

ಕಾಗದದ ಜಾಣ್ಮೆ ಇರಬಹುದೇ ಎಂದು ಮೊದಲು ನೋಡಿದೆ. ನಿಮ್ಮ ಕಾಗದ ನಿಜಕ್ಕೂ ಸೊಗಸು. ಪ್ಯಾಕೆಟ್ ಎ, ಪ್ಯಾಕೆಟ್ ಬಿ ಎರಡರಲ್ಲೂ ಒಂದು ಚುಕ್ಕಿಯ ಕೊರತೆಯಿಲ್ಲ. ಬ್ಯಾಂಕಿನ ಸಾಲ್ವೆನ್ಸಿ, ಪ್ರತಿಜ್ಞಾಪತ್ರ, ರೆಡಿಮಿಕ್ಸ್ ಕಾಂಕ್ರೀಟಿನ ಆರ್‌ಎಂಸಿ ಪ್ಲಾಂಟಿನ ಜೊತೆಗಿನ ಒಪ್ಪಂದ, ಎರಡರಿಂದ ಗುಣಿಸಿ ಬಾಕಿ ಕೆಲಸ ಕಳೆಯುವ ಬಿಡ್ ಕೆಪಾಸಿಟಿಯ ಸೂತ್ರ, ಎಲ್ಲ ಜಾಗದಲ್ಲಿವೆ. ಗಲ್ಲಿಯ ಗಟಾರಕ್ಕೆ ಆರ್‌ಎಂಸಿ ಪ್ಲಾಂಟು ಯಾಕೆ ಎಂದು ಪ್ರಿ-ಬಿಡ್ ಮೀಟಿಂಗಿನಲ್ಲಿ ನಾನು ಕೇಳಿದ್ದೆ. 'ಟೆಂಡರ್ ಷರತ್ತಿನಂತೆ' ಎಂದು ಬರಹದಲ್ಲಿ ಉತ್ತರ ಬಂತು. ಷರತ್ತು ಯಾಕೆ ಎಂಬ ಪ್ರಶ್ನೆಗೆ ಷರತ್ತೇ ಉತ್ತರವಾಗುವುದು ಉಪನಿಷತ್ತಿನಲ್ಲೂ ಅಪರೂಪ. ಇಷ್ಟು ಕೆಳಗೆ ಬರೆದದ್ದಕ್ಕೆ ಹೆಚ್ಚುವರಿ ಭದ್ರತಾ ಠೇವಣಿ ಬೇರೆ ಕಟ್ಟಬೇಕು. ಅದನ್ನೂ ನೀವು ಕಣ್ಣು ಮಿಟುಕಿಸದೆ ಕಟ್ಟಿದಿರಿ. ಆದರೆ ಕಾಗದದಿಂದ ಗಟಾರ ಕಟ್ಟಲು ಬರುವುದಿಲ್ಲ. ಇಪ್ಪತ್ತೇಳು ಅಲ್ಲಿಂದ ಬಂದದ್ದಲ್ಲ.

ಉಳಿದ ಬಿಡ್‌ದಾರರ ಜೊತೆ ಒಳಗೊಳಗೇ ಕೂಡಿಕೊಂಡು ರಿಂಗ್ ಮಾಡಿದಿರೇ? ಇಲ್ಲ, ಆ ಅಪವಾದ ನಿಮ್ಮ ಮೇಲೆ ಹೊರಿಸಲಾರೆ. ರಿಂಗ್ ಆದಾಗ ದರ ಏರುತ್ತದೆ, ಇಳಿಯುವುದಿಲ್ಲ. ಮೂರು ಕಂಪನಿಯ ಮೂರು ಡಾಂಗಲ್ ಒಂದೇ ಲ್ಯಾಪ್‌ಟಾಪಿಗೆ ಸರದಿಯಲ್ಲಿ ಸಿಕ್ಕಿಸಿ, ಮೂವರ ಪ್ರತಿಜ್ಞಾಪತ್ರದಲ್ಲೂ ಒಂದೇ ಜಾಗದಲ್ಲಿ ಒಂದೇ ಕಾಗುಣಿತದ ತಪ್ಪು ಉಳಿಸಿಕೊಳ್ಳುವವರನ್ನು ಈ ವೃತ್ತಿಯಲ್ಲಿ ನಾವೆಲ್ಲ ಕಂಡಿದ್ದೇವೆ. ಆನ್‌ಲೈನ್ ಬಂದರೆ ಇದೆಲ್ಲ ನಿಲ್ಲುತ್ತದೆ ಎಂದರು. ಮೊದಲಾದರೆ ಟೆಂಡರ್ ಪೆಟ್ಟಿಗೆಯ ಮುಂದೆ ನಾಲ್ಕು ಜನ ದಾಂಡಿಗರು ನಿಂತಿರುತ್ತಿದ್ದರು, ಲಕೋಟೆ ಹಾಕಲು ಧೈರ್ಯ ಬೇಕಿತ್ತು. ಈಗ ಧೈರ್ಯ ಬೇಡ, ನಿದ್ದೆಗೆಟ್ಟರೆ ಸಾಕು. 2014ರಲ್ಲಿ ಮುಂಬೈ ಪಾಲಿಕೆಯ ಇ-ಟೆಂಡರ್ ಹಗರಣ ಹೊರಬಿದ್ದಾಗ ಗೊತ್ತಾಯಿತು: ಬೇಕಾದವರು ಬಿಡ್ ತುಂಬುವಷ್ಟು ಹೊತ್ತು ಮಾತ್ರ ಕಿಟಕಿ ತೆರೆದು, ಉಳಿದವರಿಗೆ ಅದು ಕಾಣದಂತೆ ಮಾಡಿದ್ದರೆಂಬ ಆರೋಪದ ಮೇಲೆ ಇಂಜಿನಿಯರ್‌ಗಳು ಅಮಾನತಾದರು. ದಾಂಡಿಗರಿಗಾದರೂ ಮುಖವಿತ್ತು.

ದೊಡ್ಡ ಕೆಲಸದ ಮರ್ಯಾದೆಯೇ ಬೇರೆ, ಅದು ನಿಮಗೂ ನಮಗೂ ಅಲ್ಲ. 2022ರ ಆಗಸ್ಟಿನಲ್ಲಿ ಪಾಲಿಕೆ ಸುಮಾರು 400 ಕಿಲೋಮೀಟರ್ ಕಾಂಕ್ರೀಟ್ ರಸ್ತೆಗೆ 5,800 ಕೋಟಿಯ ಟೆಂಡರ್ ಕರೆಯಿತು. ಸಾಕಷ್ಟು ಜನ ಬರಲಿಲ್ಲ, ನವೆಂಬರಿನಲ್ಲಿ ರದ್ದಾಯಿತು. ಮತ್ತೆ ಕರೆದಾಗ ಮೊತ್ತ 6,080 ಕೋಟಿಗೆ ಬೆಳೆದಿತ್ತು. ನಗರಕ್ಕೆ ಒಂದು, ಪೂರ್ವ ಉಪನಗರಕ್ಕೆ ಒಂದು, ಪಶ್ಚಿಮ ಉಪನಗರಕ್ಕೆ ಮೂರು, ಹೀಗೆ ಐದು ಪ್ಯಾಕೇಜು. ಗೆದ್ದವರೂ ಐದೇ ಕಂಪನಿ, ತಲೆಗೊಂದು. ಪಂಕ್ತಿಯಲ್ಲಿ ಎಲೆ ಹಾಕಿದಷ್ಟು ಅಚ್ಚುಕಟ್ಟು. ವಿರೋಧ ಪಕ್ಷದ ಆದಿತ್ಯ ಠಾಕ್ರೆ ಪತ್ರಿಕಾಗೋಷ್ಠಿ ಕರೆದು ಪ್ರಶ್ನೆ ಎತ್ತಿದರು, ಪಾಲಿಕೆ ಎಲ್ಲ ನಿಯಮದಂತೆಯೇ ಎಂದಿತು, ಪ್ರಧಾನಿಯವರು 2023ರ ಜನವರಿ 19ರಂದು ಬಿಕೆಸಿಯಲ್ಲಿ ಶಂಕುಸ್ಥಾಪನೆ ಮಾಡಿದರು. ಅದೇ ವರ್ಷದ ನವೆಂಬರಿನಲ್ಲಿ ದಕ್ಷಿಣ ಮುಂಬೈಯ ಗುತ್ತಿಗೆ ರದ್ದಾಯಿತು, ಕೆಲಸ ಶುರುವೇ ಆಗಲಿಲ್ಲವೆಂದು. ಇಷ್ಟೆಲ್ಲ ಆಗುವಾಗ ಪ್ರಶ್ನೆ ಕೇಳಬೇಕಾದ ಸ್ಥಾಯಿ ಸಮಿತಿಯೇ ಇರಲಿಲ್ಲ. 2022ರ ಮಾರ್ಚ್ 7ಕ್ಕೆ ನಗರಸೇವಕರ ಅವಧಿ ಮುಗಿದು, ಆಮೇಲೆ ವರ್ಷಗಟ್ಟಲೆ ಟೆಂಡರ್ ಕರೆಯುವವರು, ಒಪ್ಪುವವರು, ರದ್ದು ಮಾಡುವವರು ಎಲ್ಲ ಒಬ್ಬರೇ ಆಡಳಿತಾಧಿಕಾರಿ. ನಗರಸೇವಕರು ಇದ್ದಾಗ ಅವರಿಗೆ ಪಾಲು ಕೊಡಬೇಕಿತ್ತು ಎನ್ನುವವರಿದ್ದಾರೆ. ಬಯ್ಯಲಾದರೂ ಅವರು ಕೈಗೆ ಸಿಗುತ್ತಿದ್ದರು.

ಟೆಂಡರಿನ ಗೋಜೇ ಇಲ್ಲದ ಭಾಗ್ಯವಂತರೂ ಇದ್ದಾರೆ. 2019ರ ನವೆಂಬರಿನಿಂದ 2022ರ ಅಕ್ಟೋಬರಿನವರೆಗಿನ ಸುಮಾರು 12,000 ಕೋಟಿಯ ಪಾಲಿಕೆ ಕೆಲಸಗಳನ್ನು ಸಿಎಜಿ ಪರಿಶೀಲಿಸಿತು, 2023ರ ಮಾರ್ಚಿನಲ್ಲಿ ವರದಿ ವಿಧಾನಸಭೆಯ ಮುಂದೆ ಬಂತು. 214.48 ಕೋಟಿಯ 20 ಕೆಲಸ ಟೆಂಡರೇ ಕರೆಯದೆ ಕೊಟ್ಟವು. 4,755.94 ಕೋಟಿಯ 64 ಕೆಲಸಗಳಲ್ಲಿ ಗುತ್ತಿಗೆದಾರನಿಗೂ ಪಾಲಿಕೆಗೂ ನಡುವೆ ಒಪ್ಪಂದ ಪತ್ರವೇ ಆಗಿರಲಿಲ್ಲ. ಶೇಟರೇ, ನಮ್ಮ ಪ್ರತಿಜ್ಞಾಪತ್ರದಲ್ಲಿ ನೋಟರಿಯ ಮೊಹರು ಅಂಚಿಗೆ ತಾಗಿದೆ ಎಂದು ನಾವು ಹಿಂದೊಮ್ಮೆ ಅನರ್ಹರಾಗಿದ್ದೆವು. ಯಾವ ಕಚೇರಿಯಲ್ಲಿ ಎಂದು ಹೇಳುವುದಿಲ್ಲ, ನಾಳೆ ಮತ್ತೆ ಅಲ್ಲಿಗೇ ಹೋಗಬೇಕು.

ಟಕ್ಕೇವಾರಿಯ, ಅಂದರೆ ಕಮಿಷನ್ನಿನ, ವಿಷಯಕ್ಕೆ ಬರುವಾಗ ಧ್ವನಿ ತಗ್ಗಿಸುವುದು ವಾಡಿಕೆ. ನಾನು ನಿಮ್ಮದನ್ನೇನೂ ಕೇಳುತ್ತಿಲ್ಲ. ಆದರೆ ಕರ್ನಾಟಕದ ನಮ್ಮವರು ಇತ್ತೀಚೆಗೆ ಈ ವಿಷಯದಲ್ಲಿ ತುಂಬ ಬೀಗುತ್ತಾರೆ. 2021ರ ಜುಲೈನಲ್ಲಿ ರಾಜ್ಯ ಗುತ್ತಿಗೆದಾರರ ಸಂಘದ ಅಧ್ಯಕ್ಷ ಡಿ. ಕೆಂಪಣ್ಣ ಪ್ರಧಾನಿಗೆ ಪತ್ರ ಬರೆದು ಶೇ 40 ಕಮಿಷನ್ ಎಂದರು. ಆ ಅಂಕಿ ಚುನಾವಣೆಯನ್ನೇ ದಾಟಿಸಿತು, ತನಿಖೆಗೆ ನಾಗಮೋಹನ್ ದಾಸ್ ಆಯೋಗವೂ ಆಯಿತು. ಈ ನಲವತ್ತನ್ನು ಕೇಳಿ ನಮ್ಮ ಠಾಣೆಯ ಹಳೆಯ ಗುತ್ತಿಗೆದಾರರು ಮೀಸೆಯಲ್ಲೇ ನಕ್ಕರು. ಠಾಣೆ ಪಾಲಿಕೆಯ ವ್ಯವಹಾರ ಕೆದಕಿದ ನಂದಲಾಲ್ ಸಮಿತಿಯ ಕಾಲದಿಂದಲೂ ಅಲ್ಲಿ ಜನರ ಬಾಯಲ್ಲಿರುವ ಅಂಕಿ ಶೇ 41. ಕಾಲು ಶತಮಾನದಷ್ಟು ಮುಂದೆ, ಒಂದು ಪರ್ಸೆಂಟ್ ಮೇಲೆ. ಕನ್ನಡಿಗರು ಯಾವುದರಲ್ಲೂ ಮಹಾರಾಷ್ಟ್ರಕ್ಕಿಂತ ಹಿಂದುಳಿಯಬಾರದು ಎನ್ನುವ ಅಭಿಮಾನಿಗಳು ಇದನ್ನು ಗಮನಿಸಬೇಕು.

ಇಲ್ಲಿ ಒಂದು ಅಡ್ಡಮಾತು. ಕ್ರಾಫರ್ಡ್ ಮಾರ್ಕೆಟ್ ಗೊತ್ತಲ್ಲ. ಆರ್ಥರ್ ಕ್ರಾಫರ್ಡ್ 1865ರಲ್ಲಿ ಈ ಊರಿನ ಮೊದಲ ಮುನ್ಸಿಪಲ್ ಕಮಿಷನರ್. ಊರನ್ನು ಚೊಕ್ಕ ಮಾಡಿದ, ಮಾರ್ಕೆಟ್ ಕಟ್ಟಿಸಿದ, ಖರ್ಚು ಕೈಮೀರಿ ಗದ್ದಲವೆದ್ದು 1871ರಲ್ಲಿ ಹುದ್ದೆ ಬಿಟ್ಟ. ಆ ಮಾರ್ಕೆಟ್ಟಿಗೆ ಈಗ ಮಹಾತ್ಮಾ ಜ್ಯೋತಿಬಾ ಫುಲೆ ಅವರ ಹೆಸರು. ಫುಲೆ ಶಾಲೆ ತೆರೆದದ್ದು, ಸತ್ಯಶೋಧಕ ಸಮಾಜ ಕಟ್ಟಿದ್ದು ಎಲ್ಲರಿಗೂ ಗೊತ್ತು. ಅವರು ಗುತ್ತಿಗೆದಾರರೂ ಆಗಿದ್ದರು ಎಂಬುದನ್ನು ಜಯಂತಿಯ ಭಾಷಣದಲ್ಲಿ ಯಾರೂ ಹೇಳುವುದಿಲ್ಲ. ಪುಣೆ ಕಮರ್ಷಿಯಲ್ ಆ್ಯಂಡ್ ಕಾಂಟ್ರಾಕ್ಟಿಂಗ್ ಕಂಪನಿ ಅವರದು. ಖಡಕ್‌ವಾಸ್ಲಾ ಅಣೆಕಟ್ಟಿನ ಕೆಲಸದಲ್ಲಿ ಅವರಿದ್ದರು. ಇಂಜಿನಿಯರ್ ಖಾತೆಯ ಗುಮಾಸ್ತರ ಕೈಚಳಕವನ್ನು ಒಳಗಿನಿಂದ ಕಂಡವರು, ಕಂಡದ್ದನ್ನು ಬರೆದವರು. ಖರ್ಚು ಮೀರಿದ ಕಮಿಷನರನ ಹೆಸರು ಅಳಿಸಿ ಗುತ್ತಿಗೆದಾರನ ಹೆಸರಿಟ್ಟ ಪೇಟೆ ಜಗತ್ತಿನಲ್ಲಿ ಇನ್ನೊಂದಿದ್ದರೆ ತಿಳಿಸಿ. ನಮ್ಮ ವೃತ್ತಿಗೆ ಇಷ್ಟು ದೊಡ್ಡ ಪೂರ್ವಜರಿದ್ದಾರೆ ಎಂದು ನಿಮ್ಮ ಲೆಟರ್‌ಹೆಡ್ಡಿನಲ್ಲಿ ಹಾಕಿಕೊಳ್ಳಬಹುದು. ಅವರ ಲೆಕ್ಕದ ಪುಸ್ತಕ ಮಾತ್ರ ಅನುಕರಿಸಲು ಕಷ್ಟ.

ಮತ್ತೆ ನನ್ನ ಇಪ್ಪತ್ತೇಳಕ್ಕೆ ಬರುತ್ತೇನೆ. ಅದು ನೆಲದಡಿಯಲ್ಲಿರಬಹುದೇ? ಹೂತದ್ದು ಕಾಣುವುದಿಲ್ಲವಲ್ಲ. 2016ರಲ್ಲಿ ಪಾಲಿಕೆ 34 ರಸ್ತೆಗಳನ್ನು ಕೊರೆದು ನೋಡಿದಾಗ ಎಂ.ಬಿ.ಯಲ್ಲಿದ್ದ ರಸ್ತೆಯೇ ಬೇರೆ, ನೆಲದ ಮೇಲಿದ್ದ ರಸ್ತೆಯೇ ಬೇರೆ. ಗುತ್ತಿಗೆದಾರರ ಮೇಲೆ ಪ್ರಕರಣ ಬಿತ್ತು, ಇಬ್ಬರು ಮುಖ್ಯ ಇಂಜಿನಿಯರ್‌ಗಳು ಜೈಲು ಕಂಡರು, ಕೆಲಸ ಸರಿಯಿದೆ ಎಂದು ಸಹಿ ಹಾಕಿದ್ದ ಥರ್ಡ್ ಪಾರ್ಟಿ ಆಡಿಟರ್ ಕಡೆಯವರನ್ನೂ ಹಿಡಿದರು. ನೆಲ ಬೇಡವೆಂದರೆ ನೀರು. ನಾಲೆಗಳ ಹೂಳೆತ್ತುವ ನಾಲೇಸಫಾಯಿಯಷ್ಟು ಪುಣ್ಯದ ಕೆಲಸ ಇನ್ನೊಂದಿಲ್ಲ: ತೆಗೆದ ಹೂಳನ್ನು ಯಾರೂ ಮನೆಗೆ ತಂದು ಅಳೆಯುವುದಿಲ್ಲ, ತೆಗೆಯದಿದ್ದರೆ ಜೂನ್ ತಿಂಗಳ ಮಳೆ ಲೆಕ್ಕ ಚುಕ್ತಾ ಮಾಡುತ್ತದೆ. 2005ರ ಜುಲೈ 26ರಂದು 944 ಮಿಲಿಮೀಟರ್ ಮಳೆ ಸುರಿದ ಮೇಲೆ ಮೀಠಿ ನದಿಯ ಹೂಳು ಈ ಊರಿನ ವಾರ್ಷಿಕ ವ್ರತವಾಯಿತು. 2025ರ ಮೇ ತಿಂಗಳಲ್ಲಿ ಮುಂಬೈ ಪೊಲೀಸರ ಆರ್ಥಿಕ ಅಪರಾಧ ದಳ ಅದರಲ್ಲಿ 65 ಕೋಟಿಯ ವಂಚನೆಯೆಂದು 13 ಮಂದಿಯ ಮೇಲೆ ಪ್ರಕರಣ ದಾಖಲಿಸಿತು. ಹೂಳು ಸುರಿಯಲು ಜಾಗದವರ ಜೊತೆ ಮಾಡಿಕೊಂಡೆವೆಂದು ತೋರಿಸಿದ ಒಪ್ಪಂದಗಳೇ ನಕಲಿ ಎಂಬುದು ಆರೋಪಗಳಲ್ಲಿ ಒಂದು. ಆದರೆ ನಮ್ಮ ಗಲ್ಲಿಯ ಗಟಾರ ಎರಡು ಅಡಿ ಆಳ. ಅದರಲ್ಲಿ ಇಪ್ಪತ್ತೇಳು ಲಕ್ಷ ಬಚ್ಚಿಡಲು ಜಾಗ ಸಾಲದು.

ಮಜೂರ್ ಸಹಕಾರಿ ಸಂಸ್ಥೆಯ ಕೋಟಾದಲ್ಲಿ ಬಂದಿದ್ದೀರೇನೋ ಎಂದೂ ಒಂದು ಗಳಿಗೆ ಅನುಮಾನಪಟ್ಟೆ. ಮಹಾರಾಷ್ಟ್ರದಲ್ಲಿ ಸಣ್ಣ ಸರ್ಕಾರಿ ಕೆಲಸಗಳನ್ನು ಕಾರ್ಮಿಕ ಸಂಘ, ನಿರುದ್ಯೋಗಿ ಇಂಜಿನಿಯರ್, ಉಳಿದವರು ಎಂದು ಮೂರು ಪಾಲು ಮಾಡುವ ಪದ್ಧತಿಯಿದೆ. ಒಳ್ಳೆಯ ಪದ್ಧತಿಯೇ. ಅದರಲ್ಲಿ ಎಂಥೆಂಥ ಮಜೂರರಿದ್ದಾರೆ ಎಂದರೆ, 2022ರ ಜನವರಿಯಲ್ಲಿ ಸಹಕಾರ ಇಲಾಖೆ ವಿಧಾನ ಪರಿಷತ್ತಿನ ಅಂದಿನ ವಿರೋಧ ಪಕ್ಷದ ನಾಯಕರಿಗೇ 'ನೀವು ಮಜೂರರಲ್ಲ' ಎಂದು ಆದೇಶ ಬರೆದು ತಿಳಿಸಬೇಕಾಯಿತು. ನಿಮ್ಮ ಕಂಪನಿ ಮಾತ್ರ ಪ್ರೈವೇಟ್ ಲಿಮಿಟೆಡ್. ಆ ಅನುಮಾನವೂ ಬಿತ್ತು.

ಹೀಗೆ ತಲೆ ಕೆಡಿಸಿಕೊಂಡು ಕೂತಿದ್ದಾಗ ವರ್ಕ್ ಆರ್ಡರ್ ಬಂದ ವಾರದಲ್ಲೇ ನಿಮ್ಮ ಮ್ಯಾನೇಜರರ ಫೋನು ಬಂತು. ನಮ್ಮ ಮಾಲೀಕರೊಡನೆ ಬಹಳ ಮರ್ಯಾದೆಯಿಂದ ಮಾತಾಡಿದರು. ಆ ಗಲ್ಲಿಯ ಕೆಲಸ ನೀವೇ ಮಾಡಿಬಿಡಿ ಭಾವೂ, ನಮಗೆ ಪುರಸೊತ್ತಿಲ್ಲ, 58 ಲಕ್ಷ ಕೊಡುತ್ತೇವೆ ಎಂದರು. ನಮ್ಮ ಮಾಲೀಕರು 55ಕ್ಕಾದರೂ ಒಪ್ಪುತ್ತಿದ್ದರು; ಪಾವತಿಯಾಗದ ಬಿಲ್ಲುಗಳ ಮೇಲೆ ಬಡ್ಡಿ ಓಡುತ್ತಿರುವ ಮನುಷ್ಯನಿಗೆ ಕೆಲಸವೊಂದು ಕೈಯಲ್ಲಿದ್ದರೆ ಸಿಮೆಂಟಿನ ಅಂಗಡಿಯವನು ಇನ್ನೊಂದು ತಿಂಗಳು ಸುಮ್ಮನಿರುತ್ತಾನೆ. ಫೋನು ಇಟ್ಟ ಮೇಲೆ ನಾನು ಕ್ಯಾಲ್ಕ್ಯುಲೇಟರ್ ಮುಚ್ಚಿದೆ. 91ಕ್ಕೆ ಒಂದು ರೂಪಾಯಿ ಕಡಿಮೆಯಾದರೂ ಆಗದು ಎಂದು ಲೆಕ್ಕ ಕಟ್ಟಿದವರು ನಾವು; ಅದೇ ಕೆಲಸವನ್ನು 58ಕ್ಕೆ ಮಾಡಲಿರುವವರೂ ನಾವೇ. ನೀವು 73ರಲ್ಲಿ 15 ಇಟ್ಟುಕೊಂಡು, ಪಾಲಿಕೆಗೆ 27 ಉಳಿಸಿ, ಊರಿಗೆ ಅಗ್ಗದ ಗುತ್ತಿಗೆದಾರರೆಂದು ಹೆಸರು ತೆಗೆದುಕೊಂಡಿರಿ. ಇದು ನನಗೆ ಹೊಳೆಯದೇ ಹೋಯಿತು, ಏಕೆಂದರೆ ನಾನು ದಾರಿಯನ್ನು ನಿಮ್ಮ ಆಫೀಸಿನಲ್ಲಿ ಹುಡುಕುತ್ತಿದ್ದೆ.

58ಕ್ಕೆ ಹೇಗೆ ಆಗುತ್ತದೆ? ಸಿಮೆಂಟಿನ ದರ ಇಳಿಯದು, ಡೀಸೆಲಿನದೂ ಇಳಿಯದು. ಇಳಿಯುವುದು ಒಂದೇ, ಕೂಲಿ. ಆಳಂದ, ಅಫಜಲಪುರದ ಕಡೆಯ ಗ್ಯಾಂಗು ನಮ್ಮದು. ಕೂಲಿಯವರನ್ನು ಮುಕಾದಮ ಎಳ್ಳಮಾವಾಸ್ಯೆ ಮುಗಿಸಿಕೊಂಡು ಕರೆತರುತ್ತಾನೆ, ಅಗೆದ ಚರಿಯ ಪಕ್ಕದಲ್ಲೇ ನೀಲಿ ತಾಡಪತ್ರಿ ಕಟ್ಟಿಕೊಂಡು ಇರುತ್ತಾರೆ, ಹೆಂಗಸರು ಬುಟ್ಟಿ ಹೊರುತ್ತಾರೆ. ಗುತ್ತಿಗೆ ಕಾರ್ಮಿಕರ ಕಾಯ್ದೆ 1970ರಲ್ಲಿ ಬಂದಾಗ 20 ಜನರಿದ್ದರೆ ಅನ್ವಯ ಎಂದಿತ್ತು. ಮಹಾರಾಷ್ಟ್ರ ಅದನ್ನು 50ಕ್ಕೆ ಏರಿಸಿತು. ನಮ್ಮ ಗ್ಯಾಂಗು ಅಷ್ಟು ದೊಡ್ಡದಾಗುವ ದುರಾಸೆ ಪಡುವುದಿಲ್ಲ. ನಿಮ್ಮ ಪ್ರತಿ ಬಿಲ್ಲಿನಿಂದ ಕಟ್ಟಡ ಕಾರ್ಮಿಕರ ಕಲ್ಯಾಣಕ್ಕೆಂದು ಶೇ 1 ಸೆಸ್ ಮುರಿದುಕೊಳ್ಳುತ್ತಾರಲ್ಲ, ಆ ಮಂಡಳಿಯಲ್ಲಿ ಹೆಸರು ಬರೆಸಲು 90 ದಿನ ದುಡಿದ ಪ್ರಮಾಣಪತ್ರ ಬೇಕು. ಅದನ್ನು ಕೊಡಬೇಕಾದವರು ಗುತ್ತಿಗೆದಾರರು, ಅಂದರೆ ನೀವು. ನಿಮ್ಮ ಕಾಗದದಲ್ಲಿ ಈ ಜನ ಇಲ್ಲ. ನಮ್ಮ ಮಾಲೀಕರು ಕೊಡೋಣವೆಂದರೆ ಪಾಲಿಕೆಯ ಕಾಗದದಲ್ಲಿ ನಮ್ಮ ಮಾಲೀಕರೇ ಇಲ್ಲ. ಹೀಗಾಗಿ ಅವರ ಹೆಸರಿನ ಸೆಸ್ ಕಟ್ಟಲಾಗಿದೆ, ಅವರು ಹುಟ್ಟಿಲ್ಲ.

ಕಾಗದದಲ್ಲಿ ಹೆಸರಿಲ್ಲ ಎಂಬುದನ್ನು ಕೊಂಕಿಗಾಗಿ ಹೇಳುತ್ತಿಲ್ಲ. 2025ರ ಜುಲೈನಲ್ಲಿ ಸಾಂಗ್ಲಿ ಜಿಲ್ಲೆಯ ಒಬ್ಬ ಯುವ ಗುತ್ತಿಗೆದಾರ ಜಲಜೀವನ ಮಿಷನ್ನಿನ ಬಾಕಿ ಬಾರದೆ ಪ್ರಾಣ ಕಳೆದುಕೊಂಡ. ಕೆಲಸ ಅವನ ಹೆಸರಿನಲ್ಲಿ ಇರಲೇ ಇಲ್ಲ, ಅವನು ಸಬ್-ಕಾಂಟ್ರಾಕ್ಟರ್ ಇದ್ದಿರಬಹುದು ಎಂಬ ಧಾಟಿಯಲ್ಲಿ ಸರ್ಕಾರದ ಉತ್ತರ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಾಂಬೆ ಹೈಕೋರ್ಟ್ ರಸ್ತೆಗುಂಡಿಗೋ ತೆರೆದ ಮ್ಯಾನ್‌ಹೋಲಿಗೋ ಬಿದ್ದು ಸತ್ತವರ ಮನೆಯವರಿಗೆ 6 ಲಕ್ಷ ಕೊಡಬೇಕು, ಅದನ್ನು ಹೊಣೆಗಾರರಿಂದ ವಸೂಲು ಮಾಡಬೇಕು ಎಂದು ಹೇಳಿತು. ನಾಳೆ ನಮ್ಮ ಗಲ್ಲಿಯಲ್ಲಿ ಹಾಗೇನಾದರೂ ಆದರೆ ಹೊಣೆಗಾರ ಯಾರೆಂದು ಹುಡುಕುವ ಹೊತ್ತಿಗೆ ಮಾತ್ರ ನಮ್ಮ ವಿಳಾಸ ಎಲ್ಲರಿಗೂ ನೆನಪಾಗುತ್ತದೆ ಎಂಬ ನಂಬಿಕೆ ನನಗಿದೆ.

ಈಗ ವ್ಯವಹಾರದ ಮಾತು. 58 ಒಪ್ಪಿದ್ದೇವೆ. ಮುಂಗಡ ಬೇಡ, ಕೆಲಸ ನಡೆದಂತೆ ಸಲ್ಲಿಸುವ ಆರ್.ಎ. ಬಿಲ್ ನಿಮಗೆ ಪಾಸಾದ ಹದಿನೈದು ದಿನದೊಳಗೆ ನಮ್ಮದನ್ನು ಕೊಡಿ. ಡಿಫೆಕ್ಟ್ ಲಯಬಿಲಿಟಿ ಮುಗಿಯುವವರೆಗೆ ಪಾಲಿಕೆ ನಿಮ್ಮಿಂದ ಹಿಡಿದಿಡುವುದನ್ನು ನೀವು ನಮ್ಮಿಂದಲೂ ಹಿಡಿಯುತ್ತೀರಿ, ಗೊತ್ತು. ಅದರ ಮೇಲೆ ನಿಮ್ಮದೊಂದು ಹಿಡಿತ ಬೇಡ. ಗ್ಯಾಂಗಿನವರ 90 ದಿನದ ಪ್ರಮಾಣಪತ್ರ ನಿಮ್ಮ ಲೆಟರ್‌ಹೆಡ್ಡಿನಲ್ಲೇ ಬೇಕು, ಹೆಸರಿನ ಪಟ್ಟಿ ನಾನು ಟೈಪ್ ಮಾಡಿ ತರುತ್ತೇನೆ, ಸಹಿ ಮಾತ್ರ ನಿಮ್ಮದು. ಎರಡೂ ಕಡೆಯ ಹೆಸರಿರುವ ಒಂದು ಕರಾರು ಬರೆಯೋಣ ಎಂದಾಗ ನಿಮ್ಮ ಮ್ಯಾನೇಜರರು 'ಅದೆಲ್ಲ ಬೇಕೇ ಭಾವೂ, ಬಾಯಿಮಾತು ಸಾಲದೇ' ಎಂದರು. ಸಾಲದು. 4,755 ಕೋಟಿಯ ಕೆಲಸ ಬಾಯಿಮಾತಿನಲ್ಲಿ ನಡೆಯಬಹುದು, 58 ಲಕ್ಷದ್ದಕ್ಕೆ ಕಾಗದ ಬೇಕು. ಶನಿವಾರ ಹನ್ನೊಂದಕ್ಕೆ ನಿಮ್ಮ ಕಚೇರಿಗೆ ಬರುತ್ತೇನೆ. ಸ್ಟಾಂಪ್ ಪೇಪರ್ ಈಗ 100ರದ್ದು ನಡೆಯುವುದಿಲ್ಲ, 500ರದ್ದು ಬೇಕು. ಆ ಖರ್ಚು ನಮ್ಮದೇ ಎಂದು ಕೇಳದೆಯೇ ಬರೆದುಕೊಂಡಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಎಲ್-ಟು ಕಡೆಯ ಗುಮಾಸ್ತ